ಶನೆಲ್ ನಂಬರ್ 5, ಶಾಲಿಮಾರ್, ಓ ಸೋವಾಜ್: ನಿಮಗೆ ಯಾವುದು?

ಮೂರೂ ಹಳೆಯ ಫ್ರೆಂಚ್ ಪರ್ಫ್ಯೂಮ್‌ಗಳು. ಆದರೆ ಮೈಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ.

1921ರ ಶನೆಲ್ ನಂಬರ್ 5 ಮೊದಲಿಗೆ ಮೂಗಿಗೆ ಚುರುಕಾಗಿ ತಾಗುತ್ತದೆ, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ. ಅದು ಆಲ್ಡಿಹೈಡ್ ಎಂಬ ಪರಿಮಳದ ರಾಸಾಯನಿಕಗಳ ಕೆಲಸ. ಮಲ್ಲಿಗೆ, ಗುಲಾಬಿ ಆಮೇಲೆ ನಿಧಾನವಾಗಿ ಬರುತ್ತವೆ. ಹಾಗಾಗಿ ಅಂಗಡಿಯಲ್ಲಿ ಕೊಡುವ ಕಾಗದದ ಪಟ್ಟಿ ಮೂಸಿ ಸುಮ್ನೆ ತಳ್ಳಿಹಾಕಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಅರ್ಧ ಗಂಟೆ ಕಾಯಿರಿ.

ಗೆರ್ಲಾನ್ ಕಂಪನಿಯ ಶಾಲಿಮಾರ್ (1925) ನನಗೆ ಎಲ್ಲಕ್ಕಿಂತ ಇಷ್ಟ. ಶುರುವಿನಲ್ಲಿ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಹುಳಿ ಕಂಪು. ಅದು ಆರಿದ ಮೇಲೆ ವೆನಿಲಾ, ಅದರ ಹಿಂದೆ ಸಣ್ಣಗೆ ಹೊಗೆಯ ವಾಸನೆ. ಸಿಹಿಯಿದ್ದರೂ ಗಾಂಭೀರ್ಯ ಇದೆ. ಮರುದಿನವೂ ಶಾಲಿನಲ್ಲಿ ಉಳಿದಿರುತ್ತದೆ. ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಮಾತ್ರ ಜಾಸ್ತಿ ಅನ್ನಿಸುತ್ತದೆ. ಒಂದೇ ಸಲ ಸಿಂಪಡಿಸಿದರೆ ಸಾಕು.

ಡಿಯೋರ್‌ನ ಓ ಸೋವಾಜ್ (1966) ಹಗುರ. ನಿಂಬೆ, ಸೊಪ್ಪಿನ ಹಸಿರು ವಾಸನೆ, ಜೊತೆಗೆ ಹೆಡಿಯೋನ್ ಎಂಬ ರಾಸಾಯನಿಕ ಕೊಡುವ ತೆಳು ಮಲ್ಲಿಗೆ. ಗಂಡಸರಿಗೆಂದು ಮಾಡಿದ್ದಾದರೂ ಹೆಂಗಸರಿಗೂ ಒಪ್ಪುತ್ತದೆ. ಬೇಗ ಮಾಯವಾಗುವುದೊಂದೇ ಕೊರತೆ.

ದಿನಾ ಕೆಲಸಕ್ಕೆ ಹಾಕಿಕೊಳ್ಳಲು ಓ ಸೋವಾಜ್ ತಗೊಳ್ಳಿ. ಸಂಜೆಯ ಸಮಾರಂಭಕ್ಕಾದರೆ ಶಾಲಿಮಾರ್. ಹೂವಿನ ಪರಿಮಳವೇ ಬೇಕು, ಕಾಯುವ ತಾಳ್ಮೆಯೂ ಇದೆ ಅಂದರೆ ನಂಬರ್ 5. ಕೊಳ್ಳುವಾಗ ಹೆಸರು ಸರಿಯಾಗಿ ಓದಿ: ಡಿಯೋರ್ 2015ರಲ್ಲಿ ತಂದ ಬರೀ ‘ಸೋವಾಜ್’ ಪೂರ್ತಿ ಬೇರೆಯದೇ ಪರ್ಫ್ಯೂಮ್.