ಚರ್ಮದ ರೈಡಿಂಗ್ ಜಾಕೆಟ್: ಬ್ರ್ಯಾಂಡ್ ನೋಡುವ ಮೊದಲು ಒಳಗಿನ ಲೇಬಲ್ ನೋಡಿ

ಚಿಕ್ಕಮಗಳೂರಿನಲ್ಲಿದ್ದು ಚಾರ್ಮಾಡಿ, ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಬೈಕ್ ಓಡಿಸುವವರಿಗೆ ಚರ್ಮದ ಜಾಕೆಟ್ ಒಳ್ಳೆಯ ರಕ್ಷಣೆಯೇ, ಆದರೆ ಕೊಡುವ ಹಣ ಹೆಸರಿಗಿಂತ ಹೆಚ್ಚಾಗಿ ಚರ್ಮದ ದಪ್ಪಕ್ಕೆ, ಹೊಲಿಗೆಗೆ ಮತ್ತು ಪ್ಯಾಡ್‌ಗಳಿಗೆ ಸಲ್ಲಬೇಕು. ಹಲವು ಜಾಕೆಟ್‌ಗಳನ್ನು ತೊಟ್ಟು ನೋಡಿ, ಕೊನೆಗೆ ದೇಶೀ ಕಂಪನಿಯೊಂದರ ಜಾಕೆಟ್ ಕೊಂಡು ಬಳಸಿದ ಮೇಲೆ ನಾನು ಬಂದಿರುವ ತೀರ್ಮಾನ ಇದು.

ಬಟ್ಟೆ ಅಂಗಡಿಗಳಲ್ಲಿ ಬೈಕರ್ ಜಾಕೆಟ್ ಎಂದು ಮಾರುವವುಗಳಲ್ಲಿ ಹೆಚ್ಚಿನವು ತೆಳುವಾದ ಕುರಿ ಚರ್ಮದವು, ಇಲ್ಲವೇ ರೆಕ್ಸಿನ್‌ನವು. ಚಳಿ ತಡೆಯಲು ಅವು ಸಾಕು. ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗುವ ದೇಹವನ್ನು ಕಾಯಲು ಸಾಲವು. ಸವಾರಿಗೆಂದೇ ಮಾಡಿದ ಜಾಕೆಟ್‌ಗಳಲ್ಲಿ ಸಾಮಾನ್ಯವಾಗಿ 1.1ರಿಂದ 1.3 ಮಿಲಿಮೀಟರ್ ದಪ್ಪದ ಹಸು ಅಥವಾ ಎಮ್ಮೆಯ ಚರ್ಮವಿರುತ್ತದೆ. ಅಗ್ಗದ ಪಾಲಿಯೆಸ್ಟರ್ ಘರ್ಷಣೆಯ ಬಿಸಿಗೆ ಕರಗಿಬಿಡಬಹುದು, ದಪ್ಪ ಚರ್ಮ ಹಾಗೆ ಕರಗುವುದಿಲ್ಲ.

ನಮ್ಮಲ್ಲಿ ಹೆಲ್ಮೆಟ್‌ಗೆ ಐಎಸ್‌ಐ ಮುದ್ರೆ ಕಡ್ಡಾಯ. ಜಾಕೆಟ್‌ಗೆ ಅಂಥ ಕಟ್ಟಳೆ ಇಲ್ಲದ ಕಾರಣ ಯುರೋಪಿನ ಇಎನ್ 17092 ಮಾನದಂಡವನ್ನೇ ನೆಚ್ಚಿಕೊಳ್ಳಬೇಕಾಗಿದೆ. ಅದರಲ್ಲಿ ಎಎಎ ದರ್ಜೆ ಅತಿ ಹೆಚ್ಚಿನ ರಕ್ಷಣೆಯದು, ಎಎ ಅದರ ನಂತರದ್ದು, ಎ ಇನ್ನೂ ಕೆಳಗಿನದು. ಬಿ ದರ್ಜೆಯಲ್ಲಿ ಉಜ್ಜುವಿಕೆಯಿಂದ ರಕ್ಷಣೆ ಇದ್ದರೂ ಪೆಟ್ಟು ತಡೆಯುವ ಪ್ಯಾಡ್ ಇರಬೇಕೆಂಬ ನಿಯಮವಿಲ್ಲ. ಮಾರುವವರು "ಸಿಇ ಇದೆ ಸಾರ್" ಎಂದಾಗ, ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎನ್ನುವ ಆ ಮುದ್ರೆ ಎಲ್ಲಿದೆ ಎಂದು ಕೇಳಿ. ಅನೇಕ ಜಾಕೆಟ್‌ಗಳಲ್ಲಿ ಅದು ಭುಜ ಮತ್ತು ಮೊಣಕೈಯ ಪ್ಯಾಡ್‌ಗಳ ಮೇಲೆ ಮಾತ್ರ ಇರುತ್ತದೆ, ಜಾಕೆಟ್ ಯಾವ ಪರೀಕ್ಷೆಗೂ ಒಳಪಟ್ಟಿರುವುದಿಲ್ಲ. ಇಡೀ ಜಾಕೆಟ್ ಪರೀಕ್ಷೆಯಾಗಿದ್ದರೆ ಒಳಗೆ ಹೊಲಿದ ಲೇಬಲ್‌ನಲ್ಲಿ ಬೈಕ್ ಸವಾರನ ಚಿತ್ರವೂ ದರ್ಜೆಯ ಅಕ್ಷರಗಳೂ ಕಾಣುತ್ತವೆ.

ಬೆನ್ನಿನ ವಿಷಯ ಬೇರೆಯೇ. ಎಷ್ಟೋ ಜಾಕೆಟ್‌ಗಳ ಬೆನ್ನಿನ ಜೇಬಿನಲ್ಲಿ ಇರುವುದು ಬರೀ ಸ್ಪಂಜಿನ ಹಾಳೆ. ಬೆನ್ನಿನ ಪ್ಯಾಡ್‌ಗಳಿಗಿರುವ ಯುರೋಪಿನ ಮಾನದಂಡ ಇಎನ್ 1621-2ರ ಪ್ರಕಾರ ಲೆವೆಲ್ 1 ಪ್ಯಾಡ್ ಪರೀಕ್ಷೆಯ ಪೆಟ್ಟಿನಲ್ಲಿ ಸರಾಸರಿ 18 ಕಿಲೋನ್ಯೂಟನ್‌ವರೆಗೆ ಬಲವನ್ನು ಒಳಕ್ಕೆ ದಾಟಿಸಬಹುದು, ಲೆವೆಲ್ 2 ಆದರೆ 9ಕ್ಕಿಂತ ಹೆಚ್ಚು ದಾಟಿಸುವಂತಿಲ್ಲ. ನಾನು ಕೊಂಡದ್ದರಲ್ಲಿಯೂ ಸ್ಪಂಜೇ ಇತ್ತು. ಜೇಬಿನ ಅಳತೆ ತೆಗೆದುಕೊಂಡು ಲೆವೆಲ್ 2 ಪ್ಯಾಡನ್ನು ಬೇರೆಯಾಗಿ ತರಿಸಿ ಹಾಕಿದೆ.

ಇಟಲಿಯ ಡೈನೀಸ್, ಆಲ್ಪೈನ್‌ಸ್ಟಾರ್ಸ್‌ಗಳ ಜಾಕೆಟ್ ತೊಟ್ಟು ಬೈಕಿನ ಮೇಲೆ ಕುಳಿತರೆ ಹೊಲಿಗೆಯ ಕೈಚಳಕ ಏನೆಂಬುದು ಗೊತ್ತಾಗುತ್ತದೆ: ತೋಳು ಮುಂದಕ್ಕೆ ಬಾಗಿರುತ್ತದೆ, ಹ್ಯಾಂಡಲ್ ಹಿಡಿದಾಗ ಬೆನ್ನು ಎಳೆಯುವುದಿಲ್ಲ. ಆದರೆ ಅದೇ ಎಎ ದರ್ಜೆ ದೇಶೀ ಜಾಕೆಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವಾಗ, ಉಳಿದ ಹಣವನ್ನು ಗ್ಲೌಸ್ ಮತ್ತು ಬೂಟಿಗೆ ಹಾಕುವುದು ಮೇಲು. ನನ್ನದರಲ್ಲಿ ಭುಜದ ಜೋಡಣೆಗೆ ಎರಡು ಸಾಲು ಹೊಲಿಗೆ ಇದೆ. ಮಣಿಕಟ್ಟಿನ ಜಿಪ್ ಮಾತ್ರ ಗ್ಲೌಸ್ ಹಾಕಿದ ಕೈಗೆ ಸಿಗದಷ್ಟು ಸಣ್ಣದು. ತೊಟ್ಟು ನೋಡುವಾಗ ಮೊಣಕೈ ಪ್ಯಾಡನ್ನು ಹಿಡಿದು ತಿರುಗಿಸಿ. ಅದು ಪಕ್ಕಕ್ಕೆ ಸರಿದರೆ ಬಿದ್ದಾಗಲೂ ಸರಿಯುತ್ತದೆ. ಚರ್ಮ ಬಳಸುತ್ತ ಸ್ವಲ್ಪ ಹಿಗ್ಗುವುದರಿಂದ ಮೊದಲಿಗೆ ತುಸು ಬಿಗಿಯಾಗಿರುವುದೇ ಸರಿ.

ನಮ್ಮ ಕಡೆ ಚರ್ಮಕ್ಕಿರುವ ದೊಡ್ಡ ತೊಡಕು ಮಳೆ. ಕೊಟ್ಟಿಗೆಹಾರದ ಹತ್ತಿರ ಒಮ್ಮೆ ಪೂರ್ತಿ ನೆನೆದರೆ ಜಾಕೆಟ್ ಭಾರವಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು. ಬೇಗ ಒಣಗಲೆಂದು ಬಚ್ಚಲ ಒಲೆಯ ಹತ್ತಿರ ತೂಗುಹಾಕಿದರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ; ನೆರಳಿನಲ್ಲಿ ಗಾಳಿಗೆ ಒಣಗಿಸಿ ಲೆದರ್ ಕಂಡೀಷನರ್ ಹಚ್ಚಬೇಕು. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟರಂತೂ ಬೂಷ್ಟು ಖಂಡಿತ. ಆದ್ದರಿಂದ ವರ್ಷವಿಡೀ ಒಂದೇ ಜಾಕೆಟ್‌ನಲ್ಲಿ ಸುಧಾರಿಸಬೇಕಾದ ಮಲೆನಾಡಿನ ಸವಾರರು ಚರ್ಮದ ಆಸೆ ಬಿಟ್ಟು, ಎಎ ದರ್ಜೆಯ ಟೆಕ್ಸ್‌ಟೈಲ್ ಜಾಕೆಟ್ ಮತ್ತು ಅದರ ಮೇಲೆ ತೊಡುವ ರೇನ್‌ಕೋಟ್ ಕೊಳ್ಳುವುದು ಲೇಸು.