ತೋಟಾ ದುಬಾರಿಯಾದ ಕಾಲದಲ್ಲಿ ರಾಯಚೂರಿನ ಒಂದು ಬಂದೂಕಿನ ಅಂಗಡಿ

ರಾಯಚೂರಿನ ಹಳೆಯ ಬಂದೂಕಿನ ಅಂಗಡಿಯೊಂದಕ್ಕೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಮುಂದೆ ಒಂದೆರಡು ದೂರುಗಳೂ ಬರುವುದರಿಂದ ಅದರ ಹೆಸರನ್ನು ಬರೆಯುವುದಿಲ್ಲ. ಪರವಾನಗಿ ಪುಸ್ತಕ ಇಟ್ಟುಕೊಂಡವರಿಗೆ ಹೇಗೂ ಗುರುತು ಸಿಗುತ್ತದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ರೈತರು, ಬ್ಯಾಂಕಿನ ಕಾವಲುಗಾರರು ಮತ್ತು ಈಚೆಗೆ ಏರ್ ರೈಫಲ್ ಹುಚ್ಚು ಹಿಡಿಸಿಕೊಂಡ ಕಾಲೇಜು ಹುಡುಗರು ಇಲ್ಲಿಯ ಮುಖ್ಯ ಗಿರಾಕಿಗಳು. ಬೇರೆ ಅಂಗಡಿಗಳಲ್ಲಿ ಗಿರಾಕಿಯ ಮುಂದೆ ಮೊದಲು ಬಂದೂಕು ಬಂದರೆ, ಇಲ್ಲಿ ಮೊದಲು ತೋಟಾದ, ಅಂದರೆ ಕಾರ್ಟ್ರಿಡ್ಜಿನ, ಲೆಕ್ಕ ಬರುತ್ತದೆ. ನನಗೆ ಈ ಅಂಗಡಿ ಮೆಚ್ಚುಗೆಯಾದದ್ದೇ ಅದಕ್ಕೆ. "ರೈಫಲ್ ಒಮ್ಮೆ ತಗೋತೀರ್ರೀ ಗೌಡ್ರೇ, ತೋಟಾ ವರ್ಷಾ ತಗೋಬೇಕಾಗ್ತದ" ಎಂದು ಅಂಗಡಿಯ ಸಾಹೇಬರು ಹೇಳಿದರೆ ಅದು ಬರೀ ವ್ಯಾಪಾರದ ಮಾತಲ್ಲ, ಏಕೆಂದರೆ ಹಾಗೆ ಹೇಳಿ ಅವರು ದುಬಾರಿ ರೈಫಲ್ ಮಾರಾಟವನ್ನು ಕೈಬಿಟ್ಟದ್ದನ್ನೂ ನೋಡಿದ್ದೇನೆ.

ಬೆಲೆ ಏಕೆ ಏರಿತೆಂದು ಎಲ್ಲರೂ ಅಂಗಡಿಯವರನ್ನೇ ದೂರುತ್ತಾರೆ. ತೋಟಾದ ಹಿತ್ತಾಳೆಗೆ ತಾಮ್ರ ಮತ್ತು ಸತು ಬೇಕು, ಗುಂಡಿಗೆ ಸೀಸ ಬೇಕು. ಈ ಲೋಹಗಳು ತುಟ್ಟಿಯಾದಂತೆ ತೋಟಾವೂ ತುಟ್ಟಿಯಾಗುತ್ತದೆ. ತೋಟಾದೊಳಗಿನ ಸಿಡಿಮದ್ದಿನ ಕಥೆ ನಮ್ಮೂರಿನವರಿಗೆ ಇನ್ನೂ ಹತ್ತಿರದ್ದು. ಹತ್ತಿಯನ್ನು ಜಿನ್ನಿಂಗ್ ಮಾಡಿದ ಮೇಲೂ ಬೀಜಕ್ಕೆ ಅಂಟಿಕೊಂಡೇ ಉಳಿಯುವ ಗಿಡ್ಡ ನಾರನ್ನು ಲಿಂಟರ್ ಎನ್ನುತ್ತಾರೆ. ಅದನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳಲ್ಲಿ ಸಂಸ್ಕರಿಸಿದಾಗ ಬರುವ ನೈಟ್ರೋಸೆಲ್ಯುಲೋಸೇ ಹೊಗೆರಹಿತ ಮದ್ದಿನ ಮೂಲವಸ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಕಾರ್ಖಾನೆಗಳು ಈ ಮದ್ದನ್ನು ಫಿರಂಗಿ ಗುಂಡುಗಳ ಕಡೆಗೆ ತಿರುಗಿಸಿದ್ದರಿಂದ ಕ್ರೀಡೆಯ ತೋಟಾಗಳಿಗೆ ಅಭಾವ ಬಂದಿತು. ಹತ್ತಿಯ ದರ ಬಿತ್ತೆಂದು ಮಾರುಕಟ್ಟೆಯಲ್ಲಿ ಗೊಣಗಿದ ರೈತನೇ ಮಧ್ಯಾಹ್ನ ಈ ಅಂಗಡಿಗೆ ಬಂದು ತೋಟಾದ ದರ ಏರಿತೆಂದು ಗೊಣಗುವುದುಂಟು.

ದೇಶೀ ತೋಟಾಗಳು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಗಳಿಂದಲೇ ಬರುತ್ತವೆ. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಮದ್ದುಗುಂಡು ಒಂದು ಕಂಪನಿಗೆ, ಬಂದೂಕು ಇನ್ನೊಂದಕ್ಕೆ ಹೋದವು. ಗಿರಾಕಿಗೆ ಇದರಿಂದ ಏನಾಯಿತೆಂದು ಕೇಳಿದರೆ ಸಾಹೇಬರು ನಗುತ್ತಾರೆ.

ರೈಫಲ್ ವಿನ್ಯಾಸದ ಚರ್ಚೆ ಈ ಅಂಗಡಿಯ ಬೆಂಚಿನ ಮೇಲೆ ಮುಗಿದದ್ದೇ ಇಲ್ಲ, ಮತ್ತು ಅದರ ಕೇಂದ್ರದಲ್ಲಿರುವುದು .315 (ಇಂಚಿನಲ್ಲಿ ಹೇಳುವ ನಳಿಗೆಯ ಅಳತೆ). .303ರಂಥ ಸೈನ್ಯದ ತೋಟಾ ಸಾಮಾನ್ಯ ಪರವಾನಗಿಯಲ್ಲಿ ಸಿಗದ ನಮ್ಮ ದೇಶದಲ್ಲಿ, ಆಸ್ಟ್ರಿಯಾದ ಹಳೆಯ 8 ಮಿ.ಮೀ. ತೋಟಾದಿಂದ ಹುಟ್ಟಿದ .315 ನಾಗರಿಕರ ರೈಫಲ್ ಆಗಿ ಉಳಿದುಕೊಂಡಿತು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ಈ ರೈಫಲಿನ ಬೋಲ್ಟು, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಬಿಗಿಮಾಡುವ ಭಾಗ, ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಮನೆತನದ್ದು. ಅದು ಹಿಂಭಾಗದಲ್ಲಿ ಬಿಗಿಯಾಗುವುದರಿಂದ ಕೈ ಚುರುಕಾಗಿ ಆಡುತ್ತದೆ, ಆದರೆ ಮುಂದಕ್ಕೆ ತಳ್ಳುವಾಗಲೇ ಸ್ಪ್ರಿಂಗನ್ನೂ ಒತ್ತಬೇಕಾಗುತ್ತದೆ. ಜರ್ಮನಿಯ ಮೌಸರ್ ರೈಫಲಿನ ಪಕ್ಷದವರು 1898ರ ಮಾದರಿಯ ಬೋಲ್ಟು ತೋಟಾದ ಹತ್ತಿರವೇ, ಅಂದರೆ ಮುಂಭಾಗದಲ್ಲಿ, ಬಿಗಿಯಾಗುವುದರಿಂದ ಹೆಚ್ಚು ಗಟ್ಟಿ ಎಂದು ವಾದಿಸುತ್ತಾರೆ. ಎಂಜಿನಿಯರಿಂಗ್ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ತೋಟಾ ಎಣಿಸಿ ಎಣಿಸಿ ಹಾರಿಸುವ ಮನುಷ್ಯನಿಗೆ ಆ ಹೆಚ್ಚಿನ ಬಲದಿಂದ ಆಗುವ ಲಾಭ ಕಡಿಮೆ. ಸುಲಭವಾಗಿ ಸಿಗುವ ತೋಟಾವಿರುವ ರೈಫಲ್, ಸಿಗದ ತೋಟಾವಿರುವ ಉತ್ತಮ ರೈಫಲಿಗಿಂತ ಮೇಲು ಎಂಬುದು ನನ್ನ ನಿಲುವು. ಅಮೆರಿಕದ 30-06 ತೋಟಾದ ರೈಫಲಿನ ಮೋಹದಲ್ಲಿ ಬಂದವರಿಗೆ ಸಾಹೇಬರು ಹೇಳುವುದೂ ಇದನ್ನೇ.

ಹೊಲ ಕಾಯುವವರಿಗೆ ಜೋಡಿ ನಳಿಗೆಯ 12 ಬೋರ್ ಬಂದೂಕು ಸಾಕು. 1972ರ ವನ್ಯಜೀವಿ ಕಾಯ್ದೆ ಇರುವಾಗ ಬೇಕಾಗಿರುವುದು ಸದ್ದೇ ಹೊರತು ಬೇಟೆಯಲ್ಲ, ಮತ್ತು ಪುಣೆಯ ಖಡಕಿ ಕಾರ್ಖಾನೆಯ ತೋಟಾ ಆ ಸದ್ದನ್ನು ಚೆನ್ನಾಗಿಯೇ ಮಾಡುತ್ತದೆ.

ಅಂಗಡಿಯ ನಿಜವಾದ ಜಾಣ್ಮೆ ಕಾಣುವುದು ಏರ್ ರೈಫಲ್ ವಿಭಾಗದಲ್ಲಿ. 2016ರ ಶಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರ್ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡವಾದರೂ ಇಲ್ಲಿ ಗುರುತಿನ ಚೀಟಿ ನೋಡದೆ ಕೊಡುವುದಿಲ್ಲ. ಸ್ಪ್ರಿಂಗ್ ರೈಫಲಿನಲ್ಲಿ ಪಿಸ್ಟನ್ ಮುಂದಕ್ಕೆ ಬಡಿಯುವುದರಿಂದ ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ನಳಿಗೆ ಬಿಡುವ ಮೊದಲೇ ರೈಫಲ್ ಅಲುಗುತ್ತದೆ, ಆದ್ದರಿಂದ ಅದನ್ನು ಬಿಗಿಹಿಡಿಯದೆ ಸಡಿಲವಾಗಿ ಹಿಡಿಯಬೇಕೆಂದು ಹೊಸಬರಿಗೆ ಕೈಯಲ್ಲಿ ಕೊಟ್ಟೇ ಕಲಿಸುತ್ತಾರೆ. ಗಾಳಿಯನ್ನು ಮೊದಲೇ ತುಂಬಿಡುವ ಪಿಸಿಪಿ ರೈಫಲಿನಲ್ಲಿ ಈ ಕಿರಿಕಿರಿ ಇಲ್ಲದಿದ್ದರೂ ಪಂಪಿನ ಖರ್ಚು ಬೇರೆ. ಜೊತೆಗೆ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ತುಂಬಿದ ಸಿಲಿಂಡರನ್ನು ಕಾರಿನೊಳಗೆ ಬಿಟ್ಟರೆ ಒತ್ತಡ ಏರುತ್ತದೆಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ಪೆಲೆಟ್ ಆರಿಸುವ ಕ್ರಮವಂತೂ ನೋಡುವಂಥದ್ದು. ಕೌಂಟರಿನ ಗಾಜನ್ನು ಒರೆಸಿ, ಪೆಲೆಟ್‌ಗಳನ್ನು ಅಡ್ಡಲಾಗಿಟ್ಟು ಬೆರಳಿನಿಂದ ಮೆಲ್ಲಗೆ ನೂಕುತ್ತಾರೆ. ಸರಿಯಾದದ್ದು ನುಣುಪಾಗಿ ಅರ್ಧಚಂದ್ರದಂತೆ ತಿರುಗುತ್ತದೆ; ಹಿಂದಿನ ಅಂಚು ಸೊಟ್ಟಗಾದದ್ದು ಕುಪ್ಪಳಿಸಿ ಅಡ್ಡದಾರಿ ಹಿಡಿಯುತ್ತದೆ. ಜರ್ಮನಿಯ 500 ಪೆಲೆಟ್‌ಗಳ ಡಬ್ಬಿ ಈಗ ಸಾವಿರ ರೂಪಾಯಿ ದಾಟಿದರೂ ಅದರಲ್ಲಿ ಕುಪ್ಪಳಿಸುವವು ಅಪರೂಪ, ಅಗ್ಗದ ಡಬ್ಬಿಯಲ್ಲಿ ಸಾಕಷ್ಟು. ದಿನದ ಅಭ್ಯಾಸಕ್ಕೆ ದೇಶೀ ಪೆಲೆಟನ್ನು ಹೀಗೆ ಆರಿಸಿಕೊಂಡು, ಸ್ಪರ್ಧೆಗೆ ಮಾತ್ರ ವಿದೇಶಿ ಡಬ್ಬಿ ಒಡೆಯುವ ಹುಡುಗರೇ ಜಾಣರು.

ಇನ್ನು ದೂರುಗಳು. ಚುನಾವಣೆಯ ಕಾಲದಲ್ಲಿ ಬಂದೂಕನ್ನು ಒಪ್ಪಿಸಬೇಕಾದಾಗ ಅನೇಕರು ಠಾಣೆಯ ಬದಲು ಈ ಅಂಗಡಿಯಲ್ಲಿ ಇಡುತ್ತಾರೆ. ಇಡುವ ಶುಲ್ಕ ಪಡೆದರೂ ರಸೀದಿಯಲ್ಲಿ ಬಂದೂಕಿನ ಸ್ಥಿತಿಯನ್ನು ಬರೆಯುವುದಿಲ್ಲ. ನನ್ನದು ವಾಪಸು ಬಂದಾಗ ನಳಿಗೆಯ ಬಾಯಿಯ ಬಳಿ ತುಕ್ಕಿನ ಚುಕ್ಕೆಗಳಿದ್ದವು, ಕೇಳಿದರೆ ಮೊದಲೇ ಇದ್ದವೆಂದರು. ದರಪಟ್ಟಿಯನ್ನು ಗೋಡೆಗೆ ಹಾಕುವ ಪದ್ಧತಿಯೂ ಇಲ್ಲವಾದ್ದರಿಂದ ಹೊಸ ಸರಕು ಬಂದ ದಿನ ಹಳೆಯ ಸರಕೂ ಹೊಸ ಬೆಲೆಗೇ ಹೋಗುತ್ತದೆ. ಹೋಗುವವರು ಪರವಾನಗಿಯ ಮೂಲ ಪುಸ್ತಕವನ್ನೇ ಒಯ್ಯಬೇಕು, ಜೆರಾಕ್ಸ್ ನಡೆಯುವುದಿಲ್ಲ. ಕೊಂಡ ತೋಟಾಗಳನ್ನು ಅದರಲ್ಲಿ ನಮೂದಿಸಿಕೊಂಡೇ ಹೊರಡಬೇಕು. ಬಂದೂಕು ಒಪ್ಪಿಸುವವರು ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಂಡು, ನಳಿಗೆಗೆ ತಾವೇ ಎಣ್ಣೆ ಸವರಿ ಕೊಡುವುದು ಒಳ್ಳೆಯದು.