ಮನೆಯಲ್ಲಿ ಹಳೆಯ ಮ್ಯಾಕ್ ಫ್ಲಾಪಿಗಳಿದ್ದರೆ ಮೊದಲು ಇದನ್ನು ಓದಿ

ಹಳೆಯ ಫ್ಲಾಪಿ ಈಗ ನಿಮ್ಮ ಕೈಯಲ್ಲೇ ಇದ್ದರೆ ಉಳಿದದ್ದನ್ನು ಆಮೇಲೆ ಓದಿ, ಮೊದಲು ಇಷ್ಟು ಮಾಡಿ. ಫ್ಲಾಪಿಯನ್ನು ಮಗುಚಿದರೆ ಒಂದು ಮೂಲೆಯಲ್ಲಿ ಚಿಕ್ಕದೊಂದು ಪ್ಲಾಸ್ಟಿಕ್ ಬಿಲ್ಲೆ ಕಾಣುತ್ತದೆ. ಉಗುರಿನಿಂದ ಅದನ್ನು ಸರಿಸಿ. ತೂತು ತೆರೆದು ಆಚೆಯ ಬೆಳಕು ಕಾಣಬೇಕು. ಬೆಳಕು ಕಂಡರೆ ಕಂಪ್ಯೂಟರು ಆ ಫ್ಲಾಪಿಯನ್ನು ಓದಬಹುದೇ ಹೊರತು ಅದರ ಮೇಲೆ ಬರೆಯಲಾರದು, ಅಳಿಸಲಾರದು. ಈ ಒಂದು ಕೆಲಸ ಮಾಡದೆ ಹೋದದ್ದರಿಂದ ನನ್ನ ಸೋದರಮಾವ ಹದಿನೆಂಟು ವರ್ಷ ಕೂಡಿಸಿದ್ದರಲ್ಲಿ ದೊಡ್ಡದೊಂದು ಪಾಲು ಕೈತಪ್ಪಿತು. ಬಿಲ್ಲೆ ಸರಿಸದ್ದು ಕೊನೆಯ ತಪ್ಪು. ಅದಕ್ಕೆ ಮೊದಲು ಇನ್ನೆರಡು ತಪ್ಪುಗಳಾಗಿದ್ದವು, ಆ ಎರಡೂ ನನ್ನವು.

ಮಾವ ಪುತ್ತೂರಿನ ಕಡೆಯ ಹಳ್ಳಿಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದರು. ಮನೆಯಲ್ಲಿ ಅಡಿಕೆ ತೋಟ. 1976ರಿಂದ ಅವರು ಅಡಿಕೆ ಕೃಷಿಯ ಪದಗಳನ್ನು ಚೀಟಿಗಳಲ್ಲಿ ಬರೆದಿಡುತ್ತ ಬಂದರು. ಯಾವ ಊರಿನಲ್ಲಿ, ಯಾವ ಮನೆಯಲ್ಲಿ, ಎಷ್ಟು ವಯಸ್ಸಿನವರ ಬಾಯಲ್ಲಿ ಕೇಳಿದ್ದು ಎಂಬುದೆಲ್ಲ ಅದರಲ್ಲಿರುತ್ತಿತ್ತು. ‘ಹಾಳೆ’ಯ ಚೀಟಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸೋಗೆಯ ಬುಡದ ಆ ಅಗಲ ಭಾಗದಿಂದ ಊಟದ ತಟ್ಟೆ, ಬೀಸಣಿಗೆ, ತಲೆಗೆ ಮುಟ್ಟಾಳೆ, ಮಕ್ಕಳು ಕುಳಿತು ಎಳೆಸಿಕೊಳ್ಳುವ ಬಂಡಿ, ಹೀಗೆ ಚೀಟಿಯ ಎರಡೂ ಬದಿ ತುಂಬಿತ್ತು. ಅದಕ್ಕಿಂತ ಮುಖ್ಯವಾಗಿ, ಯಾವ ಮನೆಯವರು ‘ಹಾಳೆ’ ಎಂದರು, ಯಾವ ಮನೆಯವರು ತುಳುವಿನಂತೆ ‘ಪಾಳೆ’ ಎಂದರು ಎಂಬ ಪಟ್ಟಿ. ಹಳೆಗನ್ನಡದ ಪಕಾರ ಹಕಾರವಾದದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ಒಂದೇ ಗ್ರಾಮದ ಎರಡು ಅಂಗಳಗಳಲ್ಲಿ ಎರಡೂ ಅಕ್ಷರಗಳು ಜೊತೆಯಾಗಿ ಬದುಕಿರುವುದನ್ನು ಮಾವ ಕಿವಿಯಾರೆ ಕೇಳಿ ಬರೆದಿದ್ದರು. ಅವರ ಪದಕೋಶದ ಜೀವವೇ ಅದು.

ನಾನಾಗ ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಆಪಲ್ ಕಂಪನಿಯ ಎರಡು ಮ್ಯಾಕಿಂತೋಷ್ (ಮ್ಯಾಕ್) ಕಂಪ್ಯೂಟರುಗಳಿದ್ದವು: ಹಳೆಯ ಎಸ್‌ಇ ಒಂದು, ಆಮೇಲೆ ಬಂದ ಎಲ್‌ಸಿ ಒಂದು. 1994ರಿಂದ ಎರಡು ವರ್ಷ, ಕೆಲಸ ಮುಗಿದ ಮೇಲೆ ಸಂಜೆ ಕುಳಿತು ಸುಮಾರು ನಾಲ್ಕು ಸಾವಿರ ಚೀಟಿಗಳನ್ನು ಎಸ್‌ಇಯಲ್ಲಿ ಟೈಪ್ ಮಾಡಿದೆ. 800ಕೆ, ಅಂದರೆ 800 ಕಿಲೋಬೈಟ್ ಹಿಡಿಯುವ ಫ್ಲಾಪಿ ಏಳು ತುಂಬಿದವು. ಮುಗಿದ ದಿನ ಮಾವನಿಗೆ ಫೋನ್ ಮಾಡಿ, “ಇನ್ನು ಚೀಟಿಗಳ ಚಿಂತೆ ಬಿಡಿ ಮಾವ, ಎಲ್ಲ ಭದ್ರವಾಗಿದೆ” ಎಂದೆ. ಅವರು ನನ್ನ ಮಾತನ್ನು ನಂಬಿದರು. ಚೀಟಿಗಳ ಮರದ ಪೆಟ್ಟಿಗೆ ಅಟ್ಟಕ್ಕೆ ಹೋಯಿತು, ಮೂರು ಮಳೆಗಾಲದಲ್ಲಿ ಗೆದ್ದಲು ಅದನ್ನು ಮಣ್ಣು ಮಾಡಿತು.

1997ರಲ್ಲಿ ಮುದ್ರಣಾಲಯ ವಿಂಡೋಸ್ 95ಕ್ಕೆ ಬದಲಾಯಿತು. ಮ್ಯಾಕ್‌ಗಳನ್ನು ಮಾರುವ ಮೊದಲು ಕಡತಗಳನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸುವ ಹೊಣೆ ನನ್ನ ಮೇಲೆ ಬಿತ್ತು.

ಇಲ್ಲಿ ಮ್ಯಾಕ್ ಮತ್ತು ವಿಂಡೋಸ್ ಓಡುವ ಪಿಸಿ, ಈ ಎರಡು ಬಗೆಯ ಯಂತ್ರಗಳ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಹೊರನೋಟಕ್ಕೆ ಫ್ಲಾಪಿಗಳು ಒಂದೇ. ಮೂರೂವರೆ ಇಂಚಿನ ಅದೇ ಚೌಕ, ಅದೇ ಲೋಹದ ಬಾಗಿಲು. ಆದರೆ ಪಿಸಿಯ ಡ್ರೈವ್ ತಟ್ಟೆಯನ್ನು ಸದಾ ಒಂದೇ ವೇಗದಲ್ಲಿ, ನಿಮಿಷಕ್ಕೆ 300 ಸುತ್ತು ತಿರುಗಿಸುತ್ತದೆ. 720ಕೆ ಫ್ಲಾಪಿಯ ಪ್ರತಿ ಸುತ್ತಿನಲ್ಲಿ ಒಂಬತ್ತು ಸೆಕ್ಟರ್, ಅಂದರೆ ಮಾಹಿತಿ ಬರೆಯುವ ತುಂಡು. ಮ್ಯಾಕ್‌ನ 400ಕೆ, 800ಕೆ ಡ್ರೈವ್‌ಗಳು ಹಾಗಲ್ಲ. ಅವು ಅಂಚಿನಲ್ಲಿ ನಿಧಾನವಾಗಿ, ನಡುವಿಗೆ ಹೋದಂತೆ ಬಿರುಸಾಗಿ ತಿರುಗಿಸುತ್ತವೆ, ಉದ್ದವಾದ ಹೊರಸುತ್ತಿನಲ್ಲಿ ಹನ್ನೆರಡು ಸೆಕ್ಟರ್, ಒಳಗೆ ಎಂಟು. ಬಿಟ್‌ಗಳನ್ನು ಬರೆಯುವ ಸಂಕೇತವೇ ಬೇರೆ. ಆದ್ದರಿಂದ 800ಕೆ ಮ್ಯಾಕ್ ಫ್ಲಾಪಿಯನ್ನು ಸಾಮಾನ್ಯ ಪಿಸಿಯಾಗಲಿ, ಇಂದು ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಆಗಲಿ ಓದಲಾರದು. ಯಾವ ತಂತ್ರಾಂಶ ಹಾಕಿದರೂ ಓದಲಾರದು. 1988ರಲ್ಲಿ ಬಂದ 1.44 ಎಂಬಿ ಮ್ಯಾಕ್ ಫ್ಲಾಪಿಯ ಬರವಣಿಗೆ ಪಿಸಿಯದರಂತೆಯೇ ಇದೆ. ಅದನ್ನು ಡ್ರೈವ್ ಓದುತ್ತದೆ, ಆದರೆ ಒಳಗಿನ ಕಡತ ವ್ಯವಸ್ಥೆ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಎರಡೂ ಸಂದರ್ಭದಲ್ಲಿ ವಿಂಡೋಸ್ ಹೇಳುವುದು ಒಂದೇ ಮಾತು: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ? ತನಗೆ ಓದಲು ಬಾರದು ಎಂದು ಅದು ಹೇಳುವುದಿಲ್ಲ. ಡಿಸ್ಕ್ ಖಾಲಿ ಎಂಬಂತೆ ಕೇಳುತ್ತದೆ.

ನಮ್ಮ ಎಲ್‌ಸಿಗೆ 800ಕೆ ಮತ್ತು 1.44 ಎರಡನ್ನೂ ಓದಲು ಬರುತ್ತಿತ್ತು. ಆಪಲ್‌ನ ಪಿಸಿ ಎಕ್ಸ್‌ಚೇಂಜ್ ಎಂಬ ತಂತ್ರಾಂಶವಿದ್ದುದರಿಂದ ಡಾಸ್ (ಪಿಸಿಯ ಹಳೆಯ ಕಾರ್ಯವ್ಯವಸ್ಥೆ) ಫ್ಲಾಪಿಯ ಮೇಲೆ ಬರೆಯಲೂ ಬರುತ್ತಿತ್ತು. ಹೀಗಾಗಿ ಸಾಗಾಟ ಸುಲಭವಾಗಿಯೇ ನಡೆಯಿತು. ಉದ್ದ ಹೆಸರುಗಳು ಡಾಸ್‌ನ ಎಂಟು ಅಕ್ಷರಕ್ಕೆ ಮೊಟಕಾದವು, ಅದಕ್ಕೊಂದು ಪಟ್ಟಿ ಬರೆದಿಟ್ಟುಕೊಂಡೆ. ಕನ್ನಡ ಫಾಂಟ್‌ಗಳನ್ನೂ ಹಾಗೆಯೇ ಎಳೆದು ಹಾಕಿದೆ. ಎಲ್ಲೂ ಒಂದು ದೋಷದ ಸಂದೇಶ ಬರಲಿಲ್ಲ. ಮ್ಯಾಕ್‌ಗಳು ಮಾರಾಟವಾದವು, ಡಾಸ್ ಫ್ಲಾಪಿಗಳನ್ನು ಒರೆಸಿ ಬೇರೆ ಕೆಲಸಕ್ಕೆ ಬಳಸಿದೆವು.

ಕೆಲವು ತಿಂಗಳ ನಂತರ ಮಾವ ಕರಡು ಪ್ರತಿ ಕೇಳಿದರು. ಫಾಂಟ್ ಕಡತವನ್ನು ನೋಡಿದರೆ ಅದರ ಗಾತ್ರ ಸೊನ್ನೆ ಬೈಟ್. ಹೆಸರಿದೆ, ದಿನಾಂಕವಿದೆ, ಒಳಗೆ ಏನೂ ಇಲ್ಲ.

ಮ್ಯಾಕ್‌ನ ಕಡತಕ್ಕೆ ಎರಡು ಭಾಗಗಳಿರುತ್ತವೆ. ಒಂದು ಡೇಟಾ ಫೋರ್ಕ್, ಇನ್ನೊಂದು ರಿಸೋರ್ಸ್ ಫೋರ್ಕ್. ಆ ಕಾಲದ ಮ್ಯಾಕ್ ಫಾಂಟ್‌ಗಳೆಲ್ಲ ರಿಸೋರ್ಸ್ ಫೋರ್ಕ್‌ನಲ್ಲಿಯೇ ಇರುತ್ತಿದ್ದವು, ಡೇಟಾ ಫೋರ್ಕ್ ಬರಿದು. ಡಾಸ್‌ಗೆ ಗೊತ್ತಿರುವುದು ಒಂದೇ ಭಾಗ. ಪಿಸಿ ಎಕ್ಸ್‌ಚೇಂಜ್ ಇನ್ನೊಂದು ಭಾಗವನ್ನು ಎಸೆದಿರಲಿಲ್ಲ, ಅದೇ ಫ್ಲಾಪಿಯಲ್ಲಿ ‘ರಿಸೋರ್ಸ್.ಎಫ್‌ಆರ್‌ಕೆ’ ಎಂಬ ಫೋಲ್ಡರ್ ಮಾಡಿ ಅದರಲ್ಲಿಟ್ಟಿತ್ತು. ಮ್ಯಾಕ್‌ನ ಪರದೆಯಲ್ಲಿ ಆ ಫೋಲ್ಡರ್ ಕಾಣುವುದಿಲ್ಲ. ನಾನು ಪಿಸಿಯಲ್ಲಿ ಹೆಸರು ನೋಡಿ ನನ್ನ ಕಡತಗಳನ್ನಷ್ಟೇ ಎತ್ತಿಕೊಂಡಿದ್ದೆ. ಜೀವವಿದ್ದ ಭಾಗ ಫ್ಲಾಪಿಯಲ್ಲೇ ಉಳಿದು, ನಾವು ಒರೆಸಿದಾಗ ಹೋಯಿತು. ಮ್ಯಾಕ್‌ನಲ್ಲಿಯೇ ಸ್ಟಫಿಟ್‌ನಿಂದಲೋ ಬಿನ್‌ಹೆಕ್ಸ್‌ನಿಂದಲೋ ಗಂಟು ಕಟ್ಟಿದ್ದರೆ ಎರಡೂ ಭಾಗ ಒಟ್ಟಿಗೆ ಬರುತ್ತಿದ್ದವು. ಐದು ನಿಮಿಷದ ಕೆಲಸ. ಇಂದು ಯಾರಾದರೂ ಹಳೆಯ ಮ್ಯಾಕ್ ಎದುರು ಕುಳಿತಿದ್ದರೆ ದಯವಿಟ್ಟು ಫಾಂಟ್‌ಗಳನ್ನು ಬಿಡಿಯಾಗಿ ಎಳೆಯಬೇಡಿ.

ಇಂಗ್ಲಿಷ್ ಬರಹವಾಗಿದ್ದರೆ ಫಾಂಟ್ ಹೋದರೂ ಅಕ್ಷರ ಉಳಿಯುತ್ತಿತ್ತು. 1990ರ ದಶಕದ ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ನಮ್ಮ ಮೇಜಿಗೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಫಾಂಟ್ ಮಾಡಿದವರು ರೋಮನ್ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತಮಗೆ ತೋಚಿದಂತೆ ಕೂರಿಸುತ್ತಿದ್ದರು. ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಫಾಂಟ್ ಕೊಟ್ಟವರು ಅಷ್ಟರಲ್ಲಿ ಆ ಮಾದರಿಯನ್ನು ಬಿಟ್ಟು, ವಿಂಡೋಸ್‌ಗೆ ಬೇರೆ ಜೋಡಣೆಯ ಫಾಂಟ್ ಮಾರುತ್ತಿದ್ದರು.

ಆದರೂ ನಾನು ಧೈರ್ಯಗೆಡಲಿಲ್ಲ. ಲೇಸರ್ ಪ್ರಿಂಟರ್‌ನಲ್ಲಿ ತೆಗೆದ ನಲವತ್ತು ಪುಟಗಳ ಕರಡು ನನ್ನ ಬಳಿ ಇತ್ತು. ಆ ಪುಟವನ್ನು ಪಕ್ಕಕ್ಕಿಟ್ಟುಕೊಂಡು, ಯಾವ ಚಿಹ್ನೆ ಯಾವ ಅಕ್ಷರ ಎಂದು ಒಂದೊಂದಾಗಿ ಹೊಂದಿಸಿ ಪಟ್ಟಿ ಮಾಡಿದೆ. ಆ ಪಟ್ಟಿ ಮಾಡುವಾಗಲೇ ಎರಡನೆಯ ನಷ್ಟ ಕಣ್ಣಿಗೆ ಬಿದ್ದದ್ದು.

ಮ್ಯಾಕ್‌ನ ಅಕ್ಷರಪಟ್ಟಿಯೂ ವಿಂಡೋಸ್‌ನ ಅಕ್ಷರಪಟ್ಟಿಯೂ ಮೊದಲ 128 ಸಂಖ್ಯೆಗಳವರೆಗೆ ಒಂದೇ. ಆಮೇಲೆ ದಾರಿ ಬೇರೆ. ಮ್ಯಾಕ್‌ನಲ್ಲಿ ಅನಂತದ ಚಿಹ್ನೆ, ‘ಸಮವಲ್ಲ’ ಎಂಬ ಚಿಹ್ನೆ, ವರ್ಗಮೂಲ, ಪೈ ಹೀಗೆ ಇಪ್ಪತ್ತಕ್ಕೂ ಹೆಚ್ಚು ಗುರುತುಗಳಿದ್ದವು, ವಿಂಡೋಸ್‌ನ ಪಟ್ಟಿಯಲ್ಲಿ ಅವುಗಳಿಗೆ ಜಾಗವೇ ಇಲ್ಲ. ನಾನು ಮ್ಯಾಕ್‌ನ ವರ್ಡ್ ಕಡತಗಳನ್ನು ವಿಂಡೋಸ್‌ನ ವರ್ಡ್‌ನಲ್ಲಿ ತೆರೆದು, ಹೊಸ ರೂಪದಲ್ಲಿ ಉಳಿಸಿ, ಹಳೆಯದನ್ನು ಅಳಿಸಿದ್ದೆ. ತೆರೆಯುವಾಗ ಪರಿವರ್ತಕವು ಜಾಗವಿಲ್ಲದ ಗುರುತುಗಳನ್ನೆಲ್ಲ ಒಂದೇ ಅಡಿಗೆರೆಯಾಗಿಸಿತ್ತು. ಆ ಗುರುತುಗಳ ಜಾಗದಲ್ಲಿ ನಮ್ಮ ಫಾಂಟ್ ಕೂರಿಸಿದ್ದ ಅಕ್ಷರಗಳಲ್ಲಿ ಹಲವು ಒತ್ತುಗಳು, ಮತ್ತೆ ಪ ಮತ್ತು ಹ.

ಅಂದರೆ ಹಾಳೆಯೂ ಪಾಳೆಯೂ ಒಂದೇ ಆಗಿ ನಿಂತವು. ಮುಂದೆ ಒಂದು ಅಡಿಗೆರೆ, ಆಮೇಲೆ ದೀರ್ಘ, ಆಮೇಲೆ ಳೆ.

ಮೆಟ್ಟುಗತ್ತಿಯಂಥ ಪದದಲ್ಲಿ ಒತ್ತು ಹೋದರೂ ಊಹಿಸಬಹುದು. ಊರೂರಿನ ರೂಪಭೇದದ ಪಟ್ಟಿಯಲ್ಲಿ ಊಹೆಗೆ ಎಡೆಯಿಲ್ಲ. ಮಾವನಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. “ನೀನು ಊಹಿಸಿ ತುಂಬಿದರೆ ಅದು ನಿನ್ನ ಪದಕೋಶವಾದೀತು, ಆ ಮನೆಯವರದ್ದಾಗುವುದಿಲ್ಲ” ಎಂದರಷ್ಟೇ. ಅಷ್ಟರಲ್ಲಿ ಚೀಟಿಗಳು ಮಣ್ಣಾಗಿದ್ದವು. ಮೂಲ ಫ್ಲಾಪಿಗಳು ಮ್ಯಾಕ್‌ಗಳ ಜೊತೆಗೇ ಹೋದವು ಎಂದು ನಾನು ತಿಳಿದಿದ್ದೆ.

ಹೋಗಿರಲಿಲ್ಲ. 2009ರಲ್ಲಿ ಸುಣ್ಣ ಬಳಿಯಲು ಮಾವನ ಮನೆಯ ಕಪಾಟು ಖಾಲಿ ಮಾಡಿದಾಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಆ ಏಳೂ ಫ್ಲಾಪಿಗಳು ಸಿಕ್ಕವು. 1996ರಲ್ಲಿ ನಾನೇ ಅವರ ಕೈಗೆ ಕೊಟ್ಟು ಮರೆತಿದ್ದೆ! ಮಾವನ ಮಗ ಫೋನ್ ಮಾಡಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ನಾಳೆಯೇ ಬರುತ್ತೇನೆ ಎಂದೆ. ಏನೂ ಮಾಡಬೇಡ, ಯಾವ ಕಂಪ್ಯೂಟರಿಗೂ ಹಾಕಬೇಡ ಎಂದು ಹೇಳಬೇಕಿತ್ತು, ಹೇಳಲಿಲ್ಲ. ನಾನು ಬರುವಷ್ಟರಲ್ಲಿ ಕೆಲಸ ಮುಗಿಸಿಡೋಣ ಎಂಬ ಪ್ರೀತಿಯಿಂದ ಅವನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಕೊಂಡೊಯ್ದ. ಅಲ್ಲಿನ ಹುಡುಗ ಮೊದಲ ಫ್ಲಾಪಿಯನ್ನು ಹಾಕಿದ. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿತು. ಮಾಡಿದರೆ ತೆರೆದೀತು ಎಂದುಕೊಂಡು ಹೌದು ಎಂದ. ಖಾಲಿ ಬಂತು. ಡಿಸ್ಕೇ ಕೆಟ್ಟಿರಬೇಕು ಎಂದು ಇನ್ನೊಂದು ಹಾಕಿದ, ಆಮೇಲೆ ಮೂರನೆಯದು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಪರದೆ ಕೇಳಿದ್ದಕ್ಕೆ ಉತ್ತರಿಸಿದ. ಹಾರ್ಡ್ ಡಿಸ್ಕ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಮೇಲೂ ಕೆಲವೊಮ್ಮೆ ಮರಳಿ ಪಡೆಯಬಹುದು. ಫ್ಲಾಪಿಯ ಪೂರ್ಣ ಫಾರ್ಮ್ಯಾಟ್ ಹಾಗಲ್ಲ, ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಹೊಸದಾಗಿ ಬರೆಯುತ್ತದೆ. ಅದರಡಿಯಿಂದ ಏನನ್ನೂ ಎತ್ತಲಾಗುವುದಿಲ್ಲ.

ಡಬ್ಬಿಯಲ್ಲಿ ಮೇಲಿದ್ದವು ಕೊನೆಯ ಮೂರು. ಪ ದಿಂದ ಳ ವರೆಗಿನವು.

ಉಳಿದ ನಾಲ್ಕನ್ನು ಬಿಲ್ಲೆ ಸರಿಸಿ ಎತ್ತಿಟ್ಟೆ. 2021ರಲ್ಲಿ ಗ್ರೀಸ್‌ವೀಸಲ್ ಎಂಬ ಅಂಗೈ ಅಗಲದ ಸರ್ಕ್ಯೂಟ್ ಬೋರ್ಡ್ ತರಿಸಿ, ಹಳೆಯ ಪಿಸಿಯೊಂದರ ಡ್ರೈವ್‌ಗೆ ಜೋಡಿಸಿ ಓದಿದೆ. ಅದು ಸೆಕ್ಟರ್‌ಗಳನ್ನು ಅರ್ಥಮಾಡಿಕೊಳ್ಳಲು ಹೋಗುವುದಿಲ್ಲ, ಕಾಂತದ ಗುರುತುಗಳು ಬದಲಾಗುವ ಸಮಯವನ್ನಷ್ಟೇ ಅಳೆದು ದಾಖಲಿಸುತ್ತದೆ. ಅರ್ಥ ಬಿಡಿಸುವ ಕೆಲಸ ಆಮೇಲೆ ಕಂಪ್ಯೂಟರಿನದು. ಹೀಗಾಗಿ ಪಿಸಿಯ ಸಾಮಾನ್ಯ ಡ್ರೈವ್‌ನಲ್ಲೂ ಮ್ಯಾಕ್‌ನ 800ಕೆ ಫ್ಲಾಪಿ ಓದಲು ಬರುತ್ತದೆ. ಮೂರು ಫ್ಲಾಪಿಗಳು ಪೂರ್ತಿ ಬಂದವು. ನಾಲ್ಕನೆಯದರ ತಟ್ಟೆಗೆ ಕರಾವಳಿಯ ಬೂಷ್ಟು ಹಿಡಿದಿತ್ತು, ಅರ್ಧಂಬರ್ಧ ಬಂತು. ಬೂಷ್ಟು ಕಂಡರೆ ಡ್ರೈವ್‌ಗೆ ಹಾಕಲೇಬೇಡಿ. ತಟ್ಟೆ ಗೀರುತ್ತದೆ, ಡ್ರೈವ್‌ನ ತಲೆಗೆ ಅಂಟಿದ ಕೊಳೆ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಆ ಒಂದನ್ನು ನಾನು ಮೊದಲು ಒಳ್ಳೆಯ ಬೆಳಕಿನಲ್ಲಿ ಬಾಗಿಲು ಸರಿಸಿ ನೋಡಬೇಕಿತ್ತು.

ಇನ್ನೊಂದು ವಿಷಯ, ನಮಗೆ ಎದುರಾಗದಿದ್ದರೂ ಹೇಳಿಬಿಡುತ್ತೇನೆ. ಬಿಲ್ಲೆಯಿಲ್ಲದ ಇನ್ನೊಂದು ತೂತಿರುವ 1.44 ಫ್ಲಾಪಿಯನ್ನು ಕೆಲವರು ಹಳೆಯ ಮ್ಯಾಕ್‌ನಲ್ಲಿ 800ಕೆ ಆಗಿ ಬಳಸುತ್ತಿದ್ದರು. 1.44 ಓದಬಲ್ಲ ಮ್ಯಾಕ್ ಆ ತೂತನ್ನು ನೋಡಿ ಮೋಸಹೋಗಿ, ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಲೇ ಎಂದು ಕೇಳುತ್ತದೆ. ಬೇಡ ಎಂದು ಹೊರತೆಗೆದು, ಆ ತೂತಿಗೆ ಎರಡೂ ಬದಿ ಟೇಪ್ ಅಂಟಿಸಿ ಹಾಕಿದರೆ ಓದುತ್ತದೆ.

ಓದಿ ಬಂದದ್ದನ್ನು ಮೊದಲು ಇದ್ದ ಹಾಗೆಯೇ ಇಡೀ ಡಿಸ್ಕ್‌ನ ಪ್ರತಿಯಾಗಿ ಮೂರು ಕಡೆ ಇಟ್ಟೆ. ಆಮೇಲಷ್ಟೇ ಒಂದು ನಕಲನ್ನು ತೆರೆದು, ಹಳೆಯ ಪಟ್ಟಿಯ ಸಹಾಯದಿಂದ ಯೂನಿಕೋಡ್‌ಗೆ ತಂದೆ. ಅ ದಿಂದ ನ ವರೆಗೆ, ಬೂಷ್ಟು ತಿಂದದ್ದು ಬಿಟ್ಟು, ಎಲ್ಲವೂ ಅಕ್ಷರ ತಪ್ಪದೆ ಬಂದಿದೆ. ಅದರಲ್ಲಿ ಪ ಪಕಾರವಾಗಿಯೇ ಇದೆ, ಹ ಹಕಾರವಾಗಿಯೇ ಇದೆ. ಮುಂದಿನ ಭಾಗಕ್ಕೆ ಇರುವುದು ಅಡಿಗೆರೆಗಳ ಪ್ರತಿ ಮಾತ್ರ. ಅಲ್ಲಿ ತಲೆಪದ ಯಾವುದೆಂದು ಅಕಾರಾದಿಯಿಂದ ತಿಳಿಯುತ್ತದೆ. ಒಳಗೆ ಯಾವ ಮನೆಯಲ್ಲಿ ಯಾವ ರೂಪ ಎಂಬುದು ತಿಳಿಯುವುದಿಲ್ಲ. ಕೇಳೋಣವೆಂದರೆ ಮಾವ 2012ರಲ್ಲಿ ತೀರಿಕೊಂಡರು.

ಅಂಥ ನಮೂದುಗಳು 312 ಇವೆ. ಊರಿನ ಹೆಸರು, ಮನೆಯ ಹೆಸರು ಉಳಿದಿರುವುದರಿಂದ ರಜೆಯಲ್ಲಿ ಆ ಮನೆಗಳಿಗೇ ಹೋಗಿ, ಹಿರಿಯರ ಎದುರು ಹಾಳೆಯನ್ನೋ ಕತ್ತಿಯನ್ನೋ ತೋರಿಸಿ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳುತ್ತಿದ್ದೇನೆ. ಕೆಲವು ಮನೆಗಳಿಗೆ ಬೀಗ ಬಿದ್ದಿದೆ, ಕೆಲವು ತೋಟಗಳಲ್ಲಿ ರಬ್ಬರ್ ಎದ್ದಿದೆ. ಇದುವರೆಗೆ 46 ನಮೂದುಗಳು ಸರಿಯಾಗಿವೆ. ಮುಂದಿನ ತಿಂಗಳು ಸುಳ್ಯದ ಕಡೆಗೆ ಹೋಗುತ್ತೇನೆ.